ರೂಪಾಯಿಗೆ ಒಂದಾಣೆಯ ರಸ್ತೆ

ಹಾವೇರಿಯಿಂದ ಸೈಕಲ್ ಮೇಲೆ ಎಲ್ಲಿಗೆ ಹೋಗಬಹುದು ಅಂತ ಕೇಳಿದವರಿಗೆಲ್ಲ ನಾನು ಮೊದಲು ಹೇಳೋದು ಕರ್ಜಗಿ. ಕೇಳಿದವರ ಮುಖದಲ್ಲಿ ಸಣ್ಣ ನಿರಾಸೆ ಕಾಣಿಸುತ್ತೆ. ಅವರು ಯಾವುದಾದರೂ ಘಟ್ಟದ ಹೆಸರನ್ನೋ ಜಲಪಾತದ ಹೆಸರನ್ನೋ ಕಾಯುತ್ತಿರುತ್ತಾರೆ. ಕರ್ಜಗಿಯಲ್ಲಿ ಏನೈತ್ರಿ ಅಂತಾರೆ. ಒಂದು ಹೊಳಿ ಐತಿ, ಒಂದು ರೈಲ್ವೆ ಸ್ಟೇಶನ್ ಐತಿ, ಕಾರಹುಣ್ಣಿಮೆಗೆ ಬಂಡಿ ಓಡಿಸೋ ಸಂಭ್ರಮ ಐತಿ ಅಂತ ನಾನು. ಅದರ ಜೊತೆಗೆ ಇನ್ನೊಂದು ಐತಿ, ಅದನ್ನ ಹೇಳೋಕೆ ಇಷ್ಟುದ್ದ ಬರೆಯಬೇಕಾಯಿತು.

ಬ್ರಿಟಿಷರ ಕಾಲದ ಧಾರವಾಡ ಜಿಲ್ಲೆಯ ಕಾಗದಪತ್ರ ತೆಗೆದು ನೋಡಿದರೆ ಹಾವೇರಿ ತಾಲೂಕು ಅನ್ನೋದು ಸಿಗೋದಿಲ್ಲ. ಇದ್ದದ್ದು ಕರ್ಜಗಿ ತಾಲೂಕು. ಆದರೆ ಮಾಮಲೇದಾರರ ಕಚೇರಿ ಮಾತ್ರ ಹಾವೇರಿಯಲ್ಲಿ! ತಾಲೂಕಿನ ಹೆಸರು ಒಂದೂರಿನದು, ಕುರ್ಚಿ ಇನ್ನೊಂದೂರಿನಲ್ಲಿ. ಪುಣೆ-ಹರಿಹರ ರಸ್ತೆ ಹಾದುಹೋಗೋದು ಹಾವೇರಿಯ ಮೇಲೆ, ಕರ್ಜಗಿ ಉಳಿದದ್ದು ವರದಾ ಹೊಳೆಯ ದಂಡೆಗೆ. ರಸ್ತೆ ಇದ್ದಲ್ಲಿ ಸರಕಾರ. ಹೆಸರು ಒಂದಷ್ಟು ಕಾಲ ಹಳೆಯ ಊರಿನದೇ ಉಳಿದು ಆಮೇಲೆ ಅದೂ ಹೋಯಿತು. 1997ರ ಆಗಸ್ಟಿನಲ್ಲಿ ಹಾವೇರಿಯೇ ಜಿಲ್ಲೆಯಾದಾಗ ಕರ್ಜಗಿಯ ಹೆಸರು ಹೊತ್ತ ತಾಲೂಕೊಂದು ಇತ್ತು ಅನ್ನೋದು ಹೊಸಬರಿಗೆ ಗೊತ್ತಿರೋ ಸಾಧ್ಯತೆಯೂ ಇರಲಿಲ್ಲ.

ಸೈಕಲ್ ದಾರಿ ಅಂದಕೂಡಲೆ ಜಗತ್ತಿನವರು ನೋಡೋದು ಫ್ರಾನ್ಸಿನ ಕಡೆಗೆ. ಅದರಲ್ಲೂ ದಕ್ಷಿಣದ ಗುಡ್ಡಗಾಡು: ಸೆವೆನ್, ಆರ್ದೆಶ್, ಅಲ್ಲಿಂದ ಕೆಳಗೆ ಪ್ರೊವಾನ್ಸ್. ಸೆಂತೆತಿಯೆನ್ ಪಟ್ಟಣದ ಪೋಲ್ ದ ವಿವಿ ಅನ್ನೋ ಮನುಷ್ಯ 1887ರಲ್ಲೇ ಸೈಕಲ್ಲಿಗಾಗಿ ಒಂದು ಪತ್ರಿಕೆ ಶುರುಮಾಡಿದ. ಜನ ಅವನನ್ನ ವೆಲೊಸಿಯೊ ಅಂತಲೇ ಕರೆದರು. ಏರು ಹತ್ತುವಾಗ ಗೇರು ಬದಲಿಸೋದು ಹೇಡಿತನ ಅಂತ ಬಾಕಿಯವರು ಮೂಗು ಮುರಿಯುತ್ತಿದ್ದ ಕಾಲದಲ್ಲಿ, ಗೇರು ಬೇಕೇಬೇಕು ಅಂತ ಹಟ ಹಿಡಿದವನು ಅವನು. ಟೂರ್ ದ ಫ್ರಾನ್ಸ್ 1903ರಲ್ಲಿ ಶುರುವಾದರೂ ಅದರಲ್ಲಿ ಗೇರು ಬದಲಿಸುವ ಡಿರೇಲರಿಗೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ವೆಲೊಸಿಯೊ ತೀರಿಕೊಂಡು ಏಳು ವರ್ಷ ಆಗಿತ್ತು.

ಆ ಗುಡ್ಡಗಾಡಿನ ದಾರಿಗಳ ಬಗ್ಗೆ ಓದುವಾಗ ನನ್ನನ್ನ ಹಿಡಿದು ನಿಲ್ಲಿಸಿದ್ದು ಏರು ಎಷ್ಟು, ತಿರುವು ಎಷ್ಟು ಅನ್ನೋ ಲೆಕ್ಕ ಅಲ್ಲ. ಅಷ್ಟು ಬಡ ಸೀಮೆಯಲ್ಲಿ, ಒಂದೊಂದು ಕೊಂಪೆಗೂ ಒಂದೊಂದು ಒಳ್ಳೆ ರಸ್ತೆ ಹೆಂಗ ಬಂತು? ಯಾರು ಹಾಕಿದರು? ಯಾರ ರೊಕ್ಕ?

ಉತ್ತರ ಎರಡು ತರ ಇದೆ. ದೊಡ್ಡ ದಾರಿಗಳಲ್ಲಿ ಕೆಲವು ಸೈನ್ಯದ್ದು. ಹದಿನಾಲ್ಕನೇ ಲೂಯಿ 1685ರಲ್ಲಿ ಪ್ರಾಟೆಸ್ಟೆಂಟರ ಧಾರ್ಮಿಕ ಹಕ್ಕನ್ನ ಕಿತ್ತುಕೊಂಡ. ಸೆವೆನ್ ಗುಡ್ಡದ ತುಂಬ ಇದ್ದವರು ಅವರೇ. ಅವರನ್ನ ಅಂಕೆಯಲ್ಲಿಡಲು ಅಲ್ಲಿನ ಅಧಿಕಾರಿ ಬಾವಿಲ್ ಅನ್ನೋನು ತುಕಡಿಗಳೂ ತೋಪುಗಳೂ ಹೋಗುವಂಥ ಅಗಲದ ದಾರಿ ಕಡಿಸಿದ. ಆದರೂ 1702ರಲ್ಲಿ ಕಾಮಿಸಾರ್ ಅನ್ನೋ ರೈತರ ಬಂಡಾಯ ಎದ್ದೇ ಎದ್ದಿತು. ಇವತ್ತು ಗುಡ್ಡದ ನೆತ್ತಿಯ ಮೇಲೇ ಸಾಗುವ ಅಲ್ಲಿನ ಹೆಸರುವಾಸಿ ಸೈಕಲ್ ದಾರಿ ಆ ಸೈನ್ಯದ ಜಾಡೇ. ಸಣ್ಣ ದಾರಿಗಳ ಕತೆ ಬೇರೆ. 1836ರ ಕಾನೂನು ಊರೂರಿನ ದಾರಿಯನ್ನ ಊರಿನವರ ಹೆಗಲಿಗೇ ಹಾಕಿತು. ವರ್ಷಕ್ಕೆ ಮೂರು ದಿನದ ತನಕ ಬಂದು ಕಲ್ಲು ಹೊರು, ಮಣ್ಣು ಹಾಕು, ಇಲ್ಲಾ ಅದರ ರೊಕ್ಕ ಕಟ್ಟು. ಅವರ ಅಜ್ಜ-ಮುತ್ತಜ್ಜರ ಬೆವರಿನ ಮೇಲೆ ಇವತ್ತಿನ ಸೈಕಲ್ ಹೋಗುತ್ತವೆ ಅನ್ನಿ.

ಇದನ್ನ ಓದಿದ ಮೇಲೆ ನಮ್ಮ ದಾರಿಗಳ ಬಗ್ಗೆ ಅದೇ ಪ್ರಶ್ನೆ ಕೇಳಬೇಕು ಅನ್ನಿಸಿತು. ಉತ್ತರ ಹೆಚ್ಚು ಬೇರೆ ಇಲ್ಲ ನೋಡ್ರಿ. ಬರೇ ಹೆಸರು, ಇಸವಿ ಬೇರೆ.

ಮೊದಲು ನೆಲದ ಮಾತು. ಹಾವೇರಿ ಸೀಮೆ ಗುಡ್ಡಗಾಡು ಅಂತ ಹೇಳಿದರೆ ಶಿರಸಿಯವರು ನಗುತ್ತಾರೆ. ಬಯಲು ಅಂತ ಹೇಳಿದರೆ ಸೈಕಲ್ ತುಳಿದವರು ನಗುತ್ತಾರೆ. ಎರಡರ ನಡುವೆ, ಅಲೆ ಅಲೆಯಾಗಿ ಏರಿ ಇಳಿಯೋ ನೆಲ. ದಿಬ್ಬದ ಮೇಲೆ ಮಸಾರಿ, ತಗ್ಗಿನಲ್ಲಿ ಎರಿ. ಕಾರಿನಲ್ಲಿ ಕೂತವರಿಗೆ ಈ ಏರು ಕಾಣೋದೇ ಇಲ್ಲ. ನಿಜವಾದ ಗುಡ್ಡ ಬೇಕಾದವರಿಗೆ ರಾಣೇಬೆನ್ನೂರಿನ ಕಡೆ ದೇವರಗುಡ್ಡ, ಐರಣಿ ಇವೆ. ಬ್ಯಾಡಗಿಯಿಂದ ಕಾಗಿನೆಲೆ ದಾಟಿ ಹಿರೇಕೆರೂರಿನ ಕಡೆ ಹೋದರೆ ಮಲೆನಾಡಿನ ಸೆರಗು ಕೈಗೆ ಸಿಗುತ್ತೆ. ದೇವರಗುಡ್ಡದ ಏರು ಉದ್ದ ಇಲ್ಲ, ಆದರೆ ಕಾರಣಿಕದ ದಿನ ಬಿಟ್ಟು ಬೇರೆ ದಿನ ಹೋಗಿ. ಆ ದಿನ ಜನಜಾತ್ರೆಯಲ್ಲಿ ಸೈಕಲ್ ಹೊತ್ತುಕೊಂಡೇ ಹತ್ತಬೇಕಾಗುತ್ತೆ.

ಎರಿ-ಮಸಾರಿ ಲೆಕ್ಕ ಗೊತ್ತಿದ್ದರೆ ಇಲ್ಲಿನ ಹಳೆ ದಾರಿಗಳು ಯಾಕೆ ಹಾಂಗ ಸುತ್ತುಬಳಸು ಹೋಗುತ್ತವೆ ಅನ್ನೋದು ಅರ್ಥ ಆಗುತ್ತೆ. ಎರಿ ಮಣ್ಣು ಮಳೆ ಬಿದ್ದರೆ ಉಬ್ಬುತ್ತೆ, ಅಂಟುತ್ತೆ. ಚಕ್ಕಡಿಯ ಗಾಲಿ ಅಚ್ಚಿನ ತನಕ ಹೂತು ಹೋಗುತ್ತೆ. ಬ್ಯಾಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು. ಹಾಗಾಗಿ ಆಗಿನವರ ಚಕ್ಕಡಿ ದಾರಿ ಸಾಧ್ಯವಾದಷ್ಟು ಮಸಾರಿ ದಿಬ್ಬ ಹಿಡಿದು ಹೋಗುತ್ತೆ. ಹಳ್ಳವನ್ನ ಗಟ್ಟಿ ತಳ ಇದ್ದಲ್ಲಿ ಮಾತ್ರ ದಾಟುತ್ತೆ. ಏರು ಬಂದರೆ ಹೇರು ತುಂಬಿದ ಜೋಡೆತ್ತು ಎಳೆಯೋ ಅಷ್ಟೇ ಏರು. ಈಗಿನ ಸೈಕಲ್ ಸವಾರನ ಮೊಣಕಾಲಿಗೆ ಇದಕ್ಕಿಂತ ಒಳ್ಳೆ ಇಂಜಿನಿಯರ್ ಸಿಗಲಿಕ್ಕಿಲ್ಲ.

ಮಳೆಗಾಲದ ನಾಕು ತಿಂಗಳು ದಾರಿ ಅನ್ನೋದೇ ಇರಲಿಲ್ಲ. ವ್ಯಾಪಾರ ಎಲ್ಲ ಸುಗ್ಗಿಯ ನಂತರ. ಚಕ್ಕಡಿ ಹೋಗಲಾಗದ ಕಡೆ ಹೇರೆತ್ತು. ಲಂಬಾಣಿಗಳು ನೂರಾರು ಎತ್ತುಗಳ ಮೇಲೆ ಘಟ್ಟದ ಕೆಳಗಿನಿಂದ ಉಪ್ಪು ತಂದು, ಇಲ್ಲಿಂದ ಕಾಳುಕಡಿ ಒಯ್ಯುತ್ತಿದ್ದರು. ಹಾವೇರಿಗೆ ಮಲೆನಾಡಿನ ಏಲಕ್ಕಿ ಬಂದದ್ದೂ ಶಿರಸಿ ಕಡೆಯ ಇಂಥ ದಾರಿಗಳಿಂದಲೇ. ಏಲಕ್ಕಿಯ ಒಂದು ಗಿಡ ಇಲ್ಲಿ ಬೆಳೆಯೋದಿಲ್ಲ, ಆದರೂ ಏಲಕ್ಕಿ ಮಾಲೆ ಅಂದರೆ ಹಾವೇರಿ. ಮಲೆನಾಡಿನ ಏಲಕ್ಕಿಯನ್ನ ಇಲ್ಲಿಯ ಬಾವಿ ನೀರಿನಲ್ಲಿ ತೊಳೆದು ಬಿಳುಪು ಮಾಡಿ ಮುಂದೆ ಕಳಿಸುತ್ತಿದ್ದರು. ದಾರಿ ಕೂಡೋ ಜಾಗದಲ್ಲಿ ಊರು ಇದ್ದದ್ದಕ್ಕೆ ಸಿಕ್ಕ ಹೆಸರು ಅದು.

1818ರಲ್ಲಿ ಪೇಶ್ವೆಗಳ ರಾಜ್ಯ ಹೋಗಿ ಧಾರವಾಡ ಸೀಮೆ ಕಂಪನಿಯ ಕೈಗೆ ಬಂತು. ಅವರಿಗೆ ಬೇಕಿದ್ದ ರಸ್ತೆ ಎರಡು ನಮೂನಿ. ಒಂದು ದಂಡಿನದು: ಪುಣೆಯಿಂದ ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಹಾವೇರಿ, ಮೋಟೆಬೆನ್ನೂರು, ರಾಣೇಬೆನ್ನೂರು ಹಾದು ಹರಿಹರದ ಹತ್ತಿರ ತುಂಗಭದ್ರೆ ದಾಟಿ ಮೈಸೂರು ಸೀಮೆಗೆ ಹೋಗುವ ದಾರಿ. ಮುಂದೆ ಅದೇ ನಾಲ್ಕನೇ ನಂಬರಿನ ಹೆದ್ದಾರಿಯಾಗಿ, ಈಗ ನಲವತ್ತೆಂಟನೇ ನಂಬರಿನದಾಗಿದೆ. ಇನ್ನೊಂದು ಹತ್ತಿಯದು. 1840ರ ದಶಕದಲ್ಲಿ ಈ ಎರಿ ಹೊಲಗಳಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿ ಬಿತ್ತಿಸಿದರು. ಆ ಹತ್ತಿ ಕುಮಟೆ ಬಂದರಿಗೆ ಇಳಿದು ಹಡಗು ಹತ್ತಬೇಕು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿದಾಗ ಲ್ಯಾಂಕಶೈರ್ ಗಿರಣಿಗಳಿಗೆ ಹತ್ತಿಯೇ ಇಲ್ಲದಂತಾಯಿತು, ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿದ ಮೇಲೆ ಆ ಬೆಲೆ ಇಳಿಯಿತು. ಘಟ್ಟದ ರಸ್ತೆಗಳು ಉಳಿದವು.

ಇಲ್ಲಿತನಕ ಕೇಳಿದರೆ, ಪಾಪ, ಬ್ರಿಟಿಷರು ರಸ್ತೆ ಕೊಟ್ಟರು ಅಂತ ಯಾರಾದರೂ ಅನ್ನಬಹುದು. ಕಟ್ಟೆ ಮೇಲೆ ಕೂತ ಹಿರಿಯರು ಹಾಗಂದದ್ದನ್ನ ನಾನು ಕೇಳಿದ್ದೇನೆ. "ಅವ್ರು ಹಾಕಿದ ರಸ್ತೆ ನೋಡಪಾ, ನಿಮ್ಮವ್ರು ಹಾಕಿದ್ದು ಒಂದ್ ಮಳಿಗೆ ಕಿತ್ತು ಹೊಕ್ಕೈತಿ." ಎರಡನೇ ಮಾತಿಗೆ ನನ್ನ ತಕರಾರಿಲ್ಲ. ಮೊದಲನೇ ಮಾತಿನಲ್ಲಿ 'ಅವರು' ಅನ್ನೋದರ ಮೇಲೆ ಇದೆ.

1863ರಿಂದ ಮುಂಬೈ ಇಲಾಖೆಯಲ್ಲಿ ಒಂದು ಹೊಸ ಪಟ್ಟಿ ಶುರುವಾಯಿತು. ಭೂಕಂದಾಯದ ಮೇಲೆ ರೂಪಾಯಿಗೆ ಒಂದಾಣೆ. ಅಂದರೆ ಹದಿನಾರರಲ್ಲಿ ಒಂದು ಪಾಲು, ಕಂದಾಯ ಕಟ್ಟಿ ಅದರ ಮೇಲೆ ಹೆಚ್ಚಿಗೆ. ಇದಕ್ಕೆ ಲೋಕಲ್ ಫಂಡ್ ಅಂತ ಹೆಸರು. ಕೂಡಿದ ರೊಕ್ಕದಲ್ಲಿ ಮೂರರಲ್ಲಿ ಎರಡು ಪಾಲು ರಸ್ತೆಗೆ, ಒಂದು ಪಾಲು ಸಾಲಿಗೆ. ಹಳ್ಳಿ ದಾರಿ, ಧರ್ಮಶಾಲೆ, ಕುಡಿಯೋ ನೀರಿನ ಬಾವಿ ಇಂಥವಕ್ಕೆ ಹಣ ಬಂದದ್ದು ಇಲ್ಲಿಂದ. ದೊಡ್ಡ ರಸ್ತೆ ಸರಕಾರದ ಬೊಕ್ಕಸದಿಂದ ಆಗಿರಬಹುದು, ಆ ಬೊಕ್ಕಸ ತುಂಬಿದ್ದೂ ಕಂದಾಯವೇ. ಆದರೆ ತಾಲೂಕಿನ ಸಣ್ಣ ರಸ್ತೆಗಳ ಲೆಕ್ಕ ಸ್ಪಷ್ಟ ಇದೆ. ಕರ್ಜಗಿ ತಾಲೂಕಿನ ಒಕ್ಕಲಿಗ ತನ್ನ ಹೊಲದ ಮೇಲೆ ಒಂದಾಣೆ ಹೆಚ್ಚು ಕಟ್ಟಿ ಹಾಕಿಸಿದ ರಸ್ತೆ ಅವು. ಫ್ರಾನ್ಸಿನವರು ಮೂರು ದಿನದ ದುಡಿಮೆ ಕೊಟ್ಟರು, ನಮ್ಮವರು ಒಂದಾಣೆ ಕೊಟ್ಟರು.

ಒಂದು ಫರಕು ಉಂಟು, ಅದನ್ನ ಮುಚ್ಚಿಡಬಾರದು. ಅಲ್ಲಿ ಊರಿನ ದಾರಿಯ ಜವಾಬ್ದಾರಿ ಊರಿನ ಪಂಚಾಯತಿಯದು. ಇಲ್ಲಿ ರೊಕ್ಕ ಊರಿನದು, ತೀರ್ಮಾನ ಕಲೆಕ್ಟರರ ಮತ್ತು ಮಾಮಲೇದಾರರ ಕಮಿಟಿಯದು. 1884ರಲ್ಲಿ ತಾಲೂಕು ಲೋಕಲ್ ಬೋರ್ಡು ಬಂದರೂ ಒಕ್ಕಲಿಗನ ಮಾತು ಅಲ್ಲಿ ಎಷ್ಟು ನಡೆದಿರಬಹುದು ಅನ್ನೋದನ್ನ ಈಗಿನ ಕಚೇರಿ ಕಂಡವರು ಊಹಿಸಿಕೊಳ್ಳಬಹುದು.

ಅದೇ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿ ಹುಬ್ಬಳ್ಳಿಯಿಂದ ಹರಿಹರಕ್ಕೆ ಬಂತು. ಯಲವಿಗಿ, ಸವಣೂರು, ಕರ್ಜಗಿ, ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು. ಹೆದ್ದಾರಿ ಕೈಬಿಟ್ಟಿದ್ದ ಕರ್ಜಗಿಯನ್ನ ರೈಲು ನೆನಪಿಟ್ಟುಕೊಂಡಿತು. ಆಮೇಲೆ ಹಳ್ಳಿ ದಾರಿಗಳೆಲ್ಲ ಸ್ಟೇಶನ್ನಿನ ಕಡೆಗೆ ಮುಖ ತಿರುಗಿಸಿದವು. ಹತ್ತಿ, ಮೆಣಸಿನಕಾಯಿ ಚಕ್ಕಡಿ ತುಂಬಿ ಬಂದು ವ್ಯಾಗನ್ ಹತ್ತಿದವು. ಲಂಬಾಣಿಗಳ ಹೇರೆತ್ತಿನ ಕಸುಬು ಮುರಿದುಬಿತ್ತು. ಕುಮಟೆಯ ಘಟ್ಟದ ದಾರಿ ಬಿಕೋ ಅಂದಿತು. ಇವತ್ತು ಕರ್ಜಗಿ ಸ್ಟೇಶನ್ನಿನಲ್ಲಿ ಎಲ್ಲ ಗಾಡಿ ನಿಲ್ಲೋದಿಲ್ಲ. ಸೈಕಲ್ ಒರಗಿಸಿ, ಬಾಟ್ಲಿಯಲ್ಲಿ ನೀರು ತುಂಬಿಕೊಂಡು, ದೂರದ ಗಾಡಿ ದಡಬಡ ಅಂತ ಹಾದುಹೋಗೋದನ್ನ ನೋಡುತ್ತ ಕೂರೋಕೆ ಮಾತ್ರ ಇದರಷ್ಟು ಚೆಂದದ ಜಾಗ ಇಲ್ಲ.

ಕರ್ಜಗಿಯಿಂದ ವರದೆಯ ಬೆನ್ನು ಹಿಡಿದು ಮೂಡಲಕ್ಕೆ ಹೋಗೋ ದಾರಿ ನನಗೆ ಎಲ್ಲಕ್ಕಿಂತ ಪ್ರೀತಿಯದು. ವರದೆ ಹುಟ್ಟೋದು ಸಾಗರದ ಹತ್ತಿರ ವರದಾಮೂಲದಲ್ಲಿ. ಬನವಾಸಿ ಸುತ್ತಿ, ಹಾನಗಲ್ ಸೀಮೆ ಹಾದು, ಇಲ್ಲಿಗೆ ಬರೋ ಹೊತ್ತಿಗೆ ಆಕೆಗೆ ಯಾವ ಅವಸರವೂ ಉಳಿದಿರೋದಿಲ್ಲ. ನೆಲ ಹೊಳೆಯ ಜೊತೆ ಸಾವಕಾಶ ಇಳಿಯುತ್ತೆ. ಜೂನಿನಿಂದ ಸಪ್ಟೆಂಬರಿನ ತನಕ ಪಡುವಣ ಗಾಳಿ ಬೆನ್ನಿಗೆ ಕೈ ಇಟ್ಟು ನೂಕುತ್ತೆ. ನಾನೇ ದೊಡ್ಡ ಸವಾರ ಅನ್ನಿಸಿಬಿಡುತ್ತೆ! ತಿರುಗಿ ಬರುವಾಗ ಅದೇ ಗಾಳಿ ಎದೆಗೆ ಕೈ ಇಟ್ಟು ನಿಲ್ಲಿಸುತ್ತೆ. ಆಷಾಢದಲ್ಲಿ ಹೋಗುವವರು ಬರುವ ಹೊತ್ತನ್ನ ಹೋದ ಹೊತ್ತಿನ ಎರಡರಷ್ಟು ಅಂತ ಹಿಡಿಯಿರಿ.

ಈ ದಾರಿಯಲ್ಲೇ ಹೊಸರಿತ್ತಿ.

1943ರ ಏಪ್ರಿಲ್ 1. ಹೊಸರಿತ್ತಿಯ ವೀರಭದ್ರ ಗುಡಿಯಲ್ಲಿ ಸುತ್ತಲಿನ ಹಳ್ಳಿಗಳ ಕಂದಾಯದ ಹಣ ಕೂಡಿಟ್ಟಿತ್ತು, ಪೊಲೀಸ್ ಕಾವಲಿತ್ತು. ಮೈಲಾರ ಮಹಾದೇವಪ್ಪ ತನ್ನ ಸಂಗಡಿಗರೊಂದಿಗೆ ಆ ಹಣದ ಮೇಲೆ ದಾಳಿ ಮಾಡಿದ. ಗುಂಡಿಗೆ ಮೂವರು ಬಿದ್ದರು: ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಮಹಾದೇವಪ್ಪನಿಗೆ ಇನ್ನೂ ಮೂವತ್ತೆರಡು ತುಂಬಿರಲಿಲ್ಲ.

ಮಹಾದೇವಪ್ಪನ ಊರು ಮೋಟೆಬೆನ್ನೂರು. ಪುಣೆ-ಹರಿಹರ ರಸ್ತೆಯ ಮೇಲಿನ ಊರದು. 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯ ಹಿಂದೆ ನಡೆದ ತಂಡದಲ್ಲಿ ಕರ್ನಾಟಕದಿಂದ ಇದ್ದವನು ಈತ. ಸಾಬರಮತಿಯಿಂದ ದಂಡಿಗೆ ಸುಮಾರು 385 ಕಿಲೋಮೀಟರ್, 24 ದಿನ. ಆಗ ಹತ್ತೊಂಬತ್ತು ತುಂಬದ ಹುಡುಗ. ಹೆಂಡತಿ ಸಿದ್ದಮ್ಮನೂ ಚಳವಳಿಗೆ ಇಳಿದು ಸೆರೆಮನೆ ಕಂಡವರೇ. ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿ ನೂಲು, ಖಾದಿ, ಹಳ್ಳಿ ಕೆಲಸ ಅಂತ ಇದ್ದವರು, 1942ರ 'ಮಾಡು ಇಲ್ಲವೆ ಮಡಿ' ಬಂದಾಗ ಬೇರೆ ಹಾದಿ ಹಿಡಿದರು.

ಆ ಹಾದಿಯನ್ನ ಸೈಕಲ್ ಸವಾರನ ಕಣ್ಣಿನಿಂದ ನೋಡಿದರೆ ಒಂದು ಸಂಗತಿ ಹೊಳೆಯುತ್ತೆ. ಧಾರವಾಡ ಜಿಲ್ಲೆಯಲ್ಲಿ ಅವರು ಗುರಿ ಹಿಡಿದದ್ದು ಯಾವುದನ್ನ? ರೈಲ್ವೆ ಸ್ಟೇಶನ್, ಟಪಾಲು ಚೀಲ, ತಂತಿ, ಚಾವಡಿಯ ದಫ್ತರ, ಕಂದಾಯದ ಪೆಟ್ಟಿಗೆ. ಎಲ್ಲವೂ ದಾರಿಗೆ ಸೇರಿದ ವಸ್ತು. ಸಾಮ್ರಾಜ್ಯ ಹಳ್ಳಿಯ ತನಕ ಬರುತ್ತಿದ್ದದ್ದು ಈ ದಾರಿಗಳ ಮೇಲೆ, ಹಳ್ಳಿಯ ರೊಕ್ಕ ಹಳ್ಳಿ ಬಿಟ್ಟು ಹೋಗುತ್ತಿದ್ದದ್ದೂ ಇವುಗಳ ಮೇಲೇ. ಗೌಡ-ಕುಲಕರ್ಣಿ ವಸೂಲು ಮಾಡಬೇಕು, ಶೇತಸನದಿ ಕಾವಲು ನಿಂತು ಸಾಗಿಸಬೇಕು, ಅದು ತಾಲೂಕು ಖಜಾನೆ ಸೇರಬೇಕು. ಹತ್ತು ವರ್ಷ ಹಿಂದೆ, 1932ರಲ್ಲಿ, ಇಲ್ಲೇ ಮಗ್ಗುಲಿನ ಹಿರೇಕೆರೂರ ತಾಲೂಕಿನವರು ಕಂದಾಯ ಕಟ್ಟೋದಿಲ್ಲ ಅಂತ ಕೂತು ಹೊಲ-ಮನೆ ಕಳಕೊಂಡಿದ್ದರು. ಕಟ್ಟದೇ ಇರೋದು ಒಂದು ರೀತಿ. ಕಟ್ಟಿಸಿಕೊಂಡದ್ದನ್ನ ದಾರಿಯಲ್ಲೇ ತಡೆಯೋದು ಇನ್ನೊಂದು. ದಂಡಿಗೆ ಉಪ್ಪಿನ ಕರದ ವಿರುದ್ಧ ನಡೆದವನು ಹೊಸರಿತ್ತಿಯಲ್ಲಿ ಭೂಮಿಯ ಕಂದಾಯದ ಮುಂದೆ ಬಿದ್ದ. ನನ್ನ ಲೆಕ್ಕದಲ್ಲಿ ಇವೆರಡು ಬೇರೆ ಬೇರೆ ಕತೆ ಅಲ್ಲ.

ಹಾವೇರಿಯ ಮೆರವಣಿಗೆ, ಪುಷ್ಪಾರ್ಚನೆ, ಭಾಷಣಗಳಲ್ಲಿ ಮಹಾದೇವಪ್ಪ ವರ್ಷಕ್ಕೊಮ್ಮೆ ಬರುತ್ತಾನೆ. ಅದು ಬೇಕು. ಆದರೆ ಮೋಟೆಬೆನ್ನೂರಿನಿಂದ ಹೊಸರಿತ್ತಿಯ ತನಕ ಸೈಕಲ್ ಮೇಲೆ ಒಂದು ದಿನ ಹೋಗಿ ನೋಡಿ. ಹೆದ್ದಾರಿಯ ಊರಿನಲ್ಲಿ ಹುಟ್ಟಿ, ಹೊಳೆದಂಡೆಯ ಊರಿನಲ್ಲಿ ಸತ್ತವನ ಸೀಮೆ ಎಷ್ಟು ಸಣ್ಣದು, ಎಷ್ಟು ಒತ್ತೊತ್ತಾಗಿ ಊರುಗಳಿವೆ ಅನ್ನೋದು ಕಾಲಿಗೆ ತಿಳಿಯುತ್ತೆ. ತಿಂಗಳುಗಟ್ಟಲೆ ಪೊಲೀಸರ ಕೈಗೆ ಸಿಗದೆ ಈ ಬಯಲಿನಲ್ಲಿ ಓಡಾಡಬೇಕಾದರೆ ಅಡಗಲಿಕ್ಕೆ ಕಾಡಿಲ್ಲ, ಗುಡ್ಡವಿಲ್ಲ. ಊರೂರಿನ ಜನ ಬಾಯಿ ಬಿಡದೇ ಇದ್ದದ್ದೇ ಅಡವಿ.

ಹೊಸರಿತ್ತಿಯಿಂದ ಇನ್ನೂ ಮೂಡಲಕ್ಕೆ ಹೋದರೆ ಗಳಗನಾಥ. ವರದೆ ತುಂಗಭದ್ರೆಯನ್ನ ಕೂಡೋ ಜಾಗ. ಹನ್ನೊಂದನೇ ಶತಮಾನದ ಗಳಗೇಶ್ವರ ಗುಡಿ ದೂರಕ್ಕೇ ಕಾಣುತ್ತೆ, ಅದರ ಶಿಖರದ ಬುಡ ಒಂದು ದೊಡ್ಡ ದಿಮ್ಮಿಯ ಹಾಗೆ ಕೂತಿದೆ. ಇಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿ ಊರಿನ ಹೆಸರನ್ನೇ ತನ್ನ ಹೆಸರು ಮಾಡಿಕೊಂಡು ಕನ್ನಡಕ್ಕೆ ಕಾದಂಬರಿ ಓದೋ ಚಟ ಹಚ್ಚಿದರು. ಸಾಲಿ ಮಾಸ್ತರರು. ಹಾವೇರಿ ಹತ್ತಿರದ ಅಗಡಿ ಆನಂದವನದಿಂದ 1907ರ ಹೊತ್ತಿಗೆ ಹೊರಟ 'ಸದ್ಬೋಧ ಚಂದ್ರಿಕೆ' ಅವರ ಕೈಯಲ್ಲೇ ಬೆಳೆಯಿತು. ಅವರು ಪುಸ್ತಕದ ಗಂಟು ತಲೆಮೇಲೆ ಹೊತ್ತು ಊರೂರು ತಿರುಗಿ ಮಾರಿದ್ದನ್ನ ಸಾಲಿ ಪುಸ್ತಕದಲ್ಲಿ ನೀವೂ ಓದಿರುತ್ತೀರಿ. ಕನ್ನಡಿಗರು ಪುಸ್ತಕ ಕೊಳ್ಳೋದಿಲ್ಲ ಅಂತ ಗೋಳಾಡೋ ಪ್ರಕಾಶಕರಿಗೆ ಗಳಗನಾಥ ದಾರಿಯಲ್ಲಿ ಒಂದು ದಿನ ಗಂಟು ಹೊತ್ತು ನಡೆಯೋ ಶಿಕ್ಷೆ ಕೊಡಬೇಕು ಅಂತ ನನ್ನ ಸಣ್ಣ ಆಸೆ.

ಒಂದಾಣೆಯ ಮೂರನೇ ಒಂದು ಪಾಲು ಸಾಲಿಗೆ ಹೋಗುತ್ತಿತ್ತು ಅಂದೆನಲ್ಲ. ಆ ಸಾಲಿಯಲ್ಲಿ ಅಕ್ಷರ ಕಲಿತವರಿಗೆ ಓದೋಕೆ ಏನಾದರೂ ಬೇಕಿತ್ತು. ಉಳಿದ ಎರಡು ಪಾಲಿನ ರಸ್ತೆ ಮೇಲೆ ಗಳಗನಾಥರ ಗಂಟು ಬಂತು. ಗೆಜೆಟಿಯರಿನಲ್ಲಿ ಹೀಂಗ ಬರೆದಿಲ್ಲ, ಇದು ನನ್ನ ಕೂಡಿಸಿ-ಕಳೆಯೋ ಲೆಕ್ಕ.

ಸೈಕಲ್ಲು ಈ ದಾರಿಗಳಿಗೆ ತಡವಾಗಿ ಬಂತು. ಸ್ವಾತಂತ್ರ್ಯ ಬಂದ ಮೇಲೆ ಅಂಬತ್ತೂರು, ಲೂಧಿಯಾನಾ, ಸೋನೆಪತ್ ಕಾರಖಾನೆಗಳಲ್ಲಿ ಸೈಕಲ್ ತಯಾರಾಗೋ ತನಕ ಹಳ್ಳಿಯಲ್ಲಿ ಸೈಕಲ್ ಇದ್ದವರು ಗೌಡರು, ಮಾಸ್ತರರು, ಇಲ್ಲಾ ಅಡತಿ ಅಂಗಡಿಯವರು. ಆಮೇಲೆ ಮದುವಿಯಲ್ಲಿ ಅಳಿಯನಿಗೆ ವಾಚು, ರೇಡಿಯೊ ಜೊತೆ ಸೈಕಲ್ ಸೇರಿಕೊಂಡಿತು. ವರ್ಷಕ್ಕೊಮ್ಮೆ ಪಂಚಾಯತಿಗೆ ರೊಕ್ಕ ಕಟ್ಟಿ ಬಿಲ್ಲೆ ಹಾಕಿಸಬೇಕಿತ್ತು. ಅಂದರೆ ದಾರಿಗೆ ಒಂದಾಣೆ ಕೊಟ್ಟವನು ಅದರ ಮೇಲೆ ಗಾಲಿ ಉರುಳಿಸೋಕೆ ಇನ್ನೊಂದು ಸಲ ಕೊಟ್ಟ. ಬಾಡಿಗೆ ಸೈಕಲ್ ಅಂಗಡಿಯಲ್ಲಿ ತಾಸಿನ ಲೆಕ್ಕ. ನಮ್ಮ ವಾರಿಗೆಯವರೆಲ್ಲ ನಡುವಿನ ದಂಡಿಗೆಯ ಕೆಳಗೆ ಕಾಲು ತೂರಿಸಿ, ಸೊಂಟ ಸೊಟ್ಟ ಮಾಡಿ ಕಲಿತವರೇ.

2006-07ರಲ್ಲಿ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡೋದು ಶುರುಮಾಡಿದಾಗ ಈ ದಾರಿಗಳು ಹೊಸದಾಗಿ ಹುಟ್ಟಿದಂಗ ಆದವು. ಮುಂಜಾನೆ ಒಂಬತ್ತರ ಹೊತ್ತಿಗೆ ಗುತ್ತಲದ ಕಡೆ, ಹೊಸರಿತ್ತಿಯ ಕಡೆ ಜಡೆ ಕಟ್ಟಿದ ಹುಡುಗಿಯರ ಸಾಲು. ಮೂರು ಜನ ಅಕ್ಕಪಕ್ಕ, ಮಾತಾಡುತ್ತ, ಹಿಂದಿನಿಂದ ಬರೋ ಟ್ರ್ಯಾಕ್ಟರಿನ ಹಾರನ್ನಿಗೆ ಕ್ಯಾರೇ ಅನ್ನದೆ. ಏಳನೆತ್ತೆಗೆ ಸಾಲಿ ಬಿಡಿಸೋ ಪದ್ಧತಿ ಇದ್ದ ಮನೆಗಳಿಂದ ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೊರಟದ್ದರಲ್ಲಿ ಈ ಸೈಕಲ್ಲಿನ ಪಾಲು ದೊಡ್ಡದು ಅಂತ ಅಲ್ಲಿನ ಮಾಸ್ತರರೇ ನನಗೆ ಹೇಳಿದ್ದಾರೆ. ಕೊರೊನಾ ಬಂದಾಗ ಆ ಯೋಜನೆ ನಿಂತಿತು. ಆ ಸಾಲು ಈಗ ತೆಳುವಾಗಿದೆ, ಹುಡುಗಿಯರು ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತ ನಿಂತಿರುತ್ತಾರೆ.

ನನ್ನ ಸೈಕಲ್ಲಿಗೆ ಗೇರು ಇವೆ, ತಲೆಮೇಲೆ ಹೆಲ್ಮೆಟ್ ಇರುತ್ತೆ. ಹಳ್ಳಿಯಲ್ಲಿ ನಿಂತರೆ ಮೊದಲ ಪ್ರಶ್ನೆ "ಎಷ್ಟ್ರಿ ರೇಟು?", ಎರಡನೇದು "ಗಾಡಿ ಕೆಟ್ಟೈತೇನ್ರಿ ಸರ?" ನೌಕರಿ ಇದ್ದವ, ಮೋಟಾರುಗಾಡಿ ಕೊಳ್ಳೋ ಶಕ್ತಿ ಇದ್ದವ, ಬಿಸಿಲಿನಲ್ಲಿ ಸೈಕಲ್ ಯಾಕೆ ತುಳೀಬೇಕು ಅನ್ನೋದು ಅವರಿಗೆ ಬಿಡಿಸಲಾರದ ಒಗಟು. ಚಾ ಕುಡಿಸದೆ ಮಾತ್ರ ಕಳಿಸೋದಿಲ್ಲ.

ಈಗ ಆರಂಭದಲ್ಲಿ ಇಟ್ಟುಕೊಂಡ ಮಾತಿಗೆ ಬರುತ್ತೇನೆ. ಹೆದ್ದಾರಿ ನಾಲ್ಕು ಪಥವಾಗಿ, ಆರು ಪಥದ ಕಡೆಗೆ ಹೊರಟಿದೆ. ಅಲ್ಲಿ ಸೈಕಲ್ಲಿಗೂ ಚಕ್ಕಡಿಗೂ ಜಾಗ ಇಲ್ಲ, ಇರಲಿ. ಮರ ಹೋದವು, ಹುಣಸಿ, ಬೇವು, ಆಲ, ಹೋದದ್ದು ಹೋಯಿತು. ನನ್ನ ಚಿಂತೆ ಇರೋದು ಹಿಂದಿನ ದಾರಿಗಳ ಬಗ್ಗೆ. 1840ರ ದಶಕದಲ್ಲಿ ವಿಂಗೇಟ್ ಸಾಹೇಬನ ಮೋಜಣಿ ಶುರುವಾದಾಗಿನಿಂದ ಈ ಸೀಮೆಯ ಪ್ರತಿ ಹೊಲವನ್ನ ಅಳೆದಿದ್ದಾರೆ. ಕಂದಾಯ ಹಾಕಲಿಕ್ಕೆ ಅಳೆದದ್ದು, ಒಪ್ಪುತ್ತೇನೆ. ಆದರೆ ಆ ಮೋಜಣಿಯಿಂದ ಹುಟ್ಟಿದ ಗ್ರಾಮ ನಕಾಶೆಗಳಲ್ಲಿ ಚಕ್ಕಡಿ ದಾರಿಗೆ ಎರಡು ಸಾಲು ಚುಕ್ಕಿ, ಕಾಲುದಾರಿಗೆ ಒಂದು ಸಾಲು ಚುಕ್ಕಿ ಹಾಕಿದ್ದಾರೆ. ಇದಕ್ಕೆ ನಮ್ಮಲ್ಲಿ 'ನಕಾಶೆ ಕಂಡ ದಾರಿ' ಅಂತಾರೆ. ನಕಾಶೆಯಲ್ಲಿದ್ದರೆ ದಾರಿ ಸಾರ್ವಜನಿಕ. ಇಲ್ಲದಿದ್ದರೆ ನಿಮ್ಮ ಹೊಲಕ್ಕೆ ನೀವು ಹೋಗೋಕೆ ಬಾಜೂದವನ ದಯೆ ಬೇಕು.

ಈಗ ಸರಕಾರದ ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರು ಮೊಬೈಲಿನಲ್ಲೇ ಕಾಣುತ್ತವೆ. ಹಳೆ ಗ್ರಾಮ ನಕಾಶೆ ಜೊತೆ ಇಟ್ಟುಕೊಂಡು ನಾನು ಚುಕ್ಕಿಸಾಲು ಹುಡುಕುತ್ತ ಹೋಗುತ್ತೇನೆ. ಸೈಕಲ್ಲಿಗೆ ಇದಕ್ಕಿಂತ ಒಳ್ಳೆ ದಾರಿ-ಪುಸ್ತಕ ಇಲ್ಲ. ಕೆಲವು ಚುಕ್ಕಿಸಾಲು ಈಗ ಡಾಂಬರಾಗಿವೆ. ಕೆಲವಕ್ಕೆ 'ನಮ್ಮ ಹೊಲ ನಮ್ಮ ದಾರಿ' ಯೋಜನೆಯಲ್ಲಿ ಗರಸು ಬಿದ್ದಿದೆ, ಟಾಯರು ದಪ್ಪ ಇದ್ದರೆ ಹೋಗಬಹುದು. ಬಾಕಿ ಹಲವು ಒತ್ತುವರಿಯಾಗಿವೆ. ಒಂದು ವರ್ಷ ಒಂದು ಸಾಲು ಹೆಚ್ಚು ಬಿತ್ತುತ್ತಾರೆ, ಮರುವರ್ಷ ಇನ್ನೊಂದು, ಆಮೇಲೆ ಅಡ್ಡ ಒಂದು ತಂತಿ ಬೇಲಿ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಸಣ್ಣ ದಾರಿ ಯಾರಿಗೆ ಬೇಕು ಅನ್ನೋದು ಒತ್ತಿದವರ ವಾದ. ದಾರಿ ಬೇಕಾದವನು 'ಸಣ್ಣ ಹಿಡುವಳಿಯವ', ತಹಶೀಲ್ದಾರರ ಕಚೇರಿಗೆ ಅರ್ಜಿ ಹಿಡಿದು ಅಲೆಯೋಕೆ ಅವನಿಗೆ ಪುರಸತ್ತಿಲ್ಲ. ತನ್ನ ಮುತ್ತಜ್ಜ ರೂಪಾಯಿಗೆ ಒಂದಾಣೆ ಹೆಚ್ಚು ಕಟ್ಟಿದ್ದ ಅನ್ನೋದು ಅವನಿಗೆ ಯಾರೂ ಹೇಳಿಲ್ಲ.

ಹೋದ ಮಾಘದಲ್ಲಿ ಹೊಳೆಯ ಕಡೆಗೆ ಹೋಗೋ ಒಂದು ಚುಕ್ಕಿಸಾಲು ಹಿಡಿದು ಹೊರಟೆ. ಯಾವ ಊರು ಅಂತ ಹೇಳೋದಿಲ್ಲ, ಅಲ್ಲಿ ಜಗಳ ಇನ್ನೂ ಮುಗಿದಿಲ್ಲ. ಅರ್ಧ ಮೈಲಿ ಚೆಂದ ಇತ್ತು: ಎರಡೂ ಬದಿ ಕಳ್ಳಿ, ನಡುವೆ ಗಾಲಿ ಸವೆಸಿದ ಎರಡು ತಗ್ಗು, ಒಂದು ಹಳೆ ಹುಣಸಿಮರ. ಆಮೇಲೆ ಒಂದು ತಂತಿ, ತಂತಿಯ ಆಚೆ ಗೋವಿನಜೋಳ. ಬದುವಿನ ಮೇಲೆ ಕೂತಿದ್ದ ಅಜ್ಜಾರು ಕರೆದು ಕೇಳಿದರು.

"ಎಲ್ಲಿಗ್ಯ ಹೊಂಟೀರಿ?"

"ಹೊಳಿಗ್ರಿ ಅಜ್ಜಾರ. ನಕಾಶಿಯೊಳಗ ದಾರಿ ಐತಲ್ರಿ."

"ಐತಿ. ನಮ್ಮಪ್ಪನ ಕಾಲಕ್ಕ ಹತ್ತಿ ಚಕ್ಕಡಿ ಇದ ದಾರಿಗುಂಟ ಹಾಯ್ತಿದ್ವು. ಆ ನಕಾಶಿ ನಿಮ್ಮ ಫೋನಿನ್ಯಾಗ ಐತೇನು? ತೋರಸ್ರಿ ನೋಡೂಣು."

ತೋರಿಸಿದೆ. ಕನ್ನಡಕ ಹಣೆಗೆ ಏರಿಸಿ, ಫೋನು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಬೆರಳಿನಿಂದ ಚುಕ್ಕಿಗಳ ಗುಂಟ ಹೊಳೆಯ ತನಕ ಹೋದರು. ಆಮೇಲೆ ಅದರ ಒಂದು ಪ್ರತಿ ಹಾವೇರಿಯಲ್ಲಿ ಎಲ್ಲಿ ಸಿಗುತ್ತೆ, ಎಷ್ಟು ರೊಕ್ಕ ಬೀಳುತ್ತೆ ಅಂತ ಕೇಳಿದರು.